ಫಿನ್ಲೆಂಡಿನ ಹೆಸರುಗಳು ಇಂಗ್ಲಿಷರ ಬಾಯಲ್ಲಿ ಯಾಕೆ ಹೀಗಾಗುತ್ತವೆ?

ತಂಪೆರೆ_ವಾಸಿ
ಎಲ್ಲರಿಗೂ ನಮಸ್ಕಾರ. ಊರು ಹಾಸನದ ಹತ್ತಿರ, ನಾಲ್ಕು ವರ್ಷದಿಂದ ಫಿನ್ಲೆಂಡಿನಲ್ಲಿದ್ದೇನೆ. ನಮ್ಮ ಟೀಮು ಅರ್ಧ ಇಲ್ಲಿ, ಅರ್ಧ ಇಂಗ್ಲೆಂಡಿನಲ್ಲಿ. ಪ್ರತಿ ಸೋಮವಾರ ಕಾಲ್ ಇರುತ್ತದೆ, ಅದರಲ್ಲಿ ಇಂಗ್ಲೆಂಡಿನ ಮ್ಯಾನೇಜರ್ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಕೆಲಸ ಎಲ್ಲಿಗೆ ಬಂತು ಅಂತ ಕೇಳುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಆ ಹತ್ತು ನಿಮಿಷ ಕೇಳೋದು ಕಷ್ಟ. ಪೆಕ್ಕ ಅನ್ನೋರು "ಪೆಖಾ" ಆಗುತ್ತಾರೆ. ಯುಕ್ಕ ಅನ್ನೋ ಹೆಸರನ್ನು ಇಲ್ಲಿ ಜೆ ಹಾಕಿ ಬರೆಯುತ್ತಾರೆ, ಹಾಗಾಗಿ ಅವರು "ಜೂಖಾ". ಔತಿ ಅನ್ನೋ ಹೆಂಗಸು "ಔಟೀ" ಆಗುತ್ತಾರೆ, ಅದಕ್ಕೆ ಇಂಗ್ಲಿಷಿನಲ್ಲಿ ಹೊರಗೆ ಉಬ್ಬಿದ ಹೊಕ್ಕಳು ಅಂತ ಅರ್ಥ! ಇವರ ಮುಖದಲ್ಲಿ ಒಂದು ಗೆರೆ ಕೂಡ ಅಲ್ಲಾಡಲ್ಲ. ಎರಡು ಮಾತಲ್ಲಿ ಉತ್ತರ ಕೊಟ್ಟು ಮೈಕ್ ಆಫ್ ಮಾಡುತ್ತಾರೆ.

ನನಗೆ ಮೊದಲ ದಿನವೇ ಈ ಹೆಸರುಗಳು ಬಂದುಬಿಟ್ಟವು. ಪೆಕ್ಕ ಊಟದ ಹೊತ್ತಿನಲ್ಲಿ ಎಲ್ಲಿ ಕಲಿತೆ ಅಂತ ಕೇಳಿದರು. ಕಲಿತದ್ದೇನೂ ಇಲ್ಲ ಸ್ವಾಮಿ, ಅಕ್ಕ, ಪಕ್ಕ, ಚಿಕ್ಕಪ್ಪ ಅಂದುಕೊಂಡೇ ಬೆಳೆದವನಿಗೆ ಪೆಕ್ಕ ಯಾವ ದೊಡ್ಡ ವಿಷಯ?

ಇವರ ಭಾಷೆಯಲ್ಲಿ ಮುತ ಅಂದರೆ ಕೆಸರು, ಮೂತ ಅಂದರೆ ಬೇರೆಯದು, ಮುತ್ತ ಅಂದರೆ "ಆದರೆ". ನಮ್ಮ ಬಲ, ಬಾಲ, ಬಲ್ಲ ಇದ್ದ ಹಾಗೆ. (ಎಲ್ಲರೂ ಕೊಡೋ ಉದಾಹರಣೆ ಬೆಂಕಿ, ಗಾಳಿ, ಕಸ್ಟಮ್ಸ್ ಅನ್ನೋ ಮೂರು ಪದಗಳದ್ದು. ಅದರಲ್ಲಿ ಮೂರನೆಯದನ್ನು ಕನ್ನಡದಲ್ಲಿ ಬರೆದರೆ ಅಡ್ಮಿನ್ ಪೋಸ್ಟ್ ತೆಗೀತಾರೆ, ಬಿಡಿ.) ಒಂದೇ ಸ್ವರ ಎರಡು ಸಲ ಬರೆದಿದ್ದರೆ ದೀರ್ಘ, ಎರಡು ವ್ಯಂಜನ ಬರೆದಿದ್ದರೆ ಒತ್ತಕ್ಷರ. ಅಷ್ಟೇ. ನಮಗೆ ಒಂದನೇ ಕ್ಲಾಸಿನಲ್ಲಿ ಹೇಳಿಕೊಟ್ಟದ್ದೇ ಇದು. ಇಂಗ್ಲಿಷರಿಗೆ ಮಾತ್ರ ಈ ವ್ಯತ್ಯಾಸ ಕಿವಿಗೇ ಬೀಳಲ್ಲ ಅನ್ನಿಸುತ್ತದೆ. ನಿಮಗೇನು ಅನ್ನಿಸುತ್ತದೆ?

ರ್‍ಯಾಲಿ_ಹುಚ್ಚ
ಗುರು, ಇದು ನಮ್ಮ ಏರಿಯಾ. ಇಪ್ಪತ್ತೈದು ವರ್ಷಕ್ಕೂ ಮೇಲಿಂದ ಫಾರ್ಮುಲಾ ಒನ್, ರ್‍ಯಾಲಿ ಎರಡೂ ನೋಡ್ತಿದ್ದೀನಿ, ನನ್ನ ಫಿನ್ನಿಶ್ ಎಲ್ಲಾ ಇಂಗ್ಲಿಷ್ ಕಾಮೆಂಟರಿಯಿಂದ ಬಂದದ್ದು, ಅಂದರೆ ಎಲ್ಲಾ ತಪ್ಪು. 1998 ಮತ್ತು 1999ರಲ್ಲಿ ಹ್ಯಾಕ್ಕಿನೆನ್ ಚಾಂಪಿಯನ್ ಆದರು, ನಾವು "ಹಕಿನೆನ್" ಅಂತಿದ್ವಿ. 2007ರಲ್ಲಿ ಕಿಮಿ ಒಂದೇ ಒಂದು ಪಾಯಿಂಟಿನಲ್ಲಿ ಗೆದ್ದಾಗ ನಮ್ಮ ಗ್ಯಾಂಗಿನಲ್ಲಿ ಎಲ್ಲರೂ "ರೈಕೊನೆನ್" ಅಂತ ಕೂಗಿದ್ದೇ ಕೂಗಿದ್ದು. ಆಮೇಲೆ ಫಿನ್ಲೆಂಡಿನ ಟೀವಿ ಕ್ಲಿಪ್ ಒಂದು ನೋಡಿದೆ. ಅವರು "ರ್‍ಯಾ" ಅಂತ ಶುರು ಮಾಡಿ, ಅದಕ್ಕೊಂದು ಸಣ್ಣ ಇ ಅಂಟಿಸಿ, "ಕ್ಕ" ಮೇಲೆ ಒಂದು ಕ್ಷಣ ನಿಂತು ಮುಂದೆ ಹೋದರು. ಆ ನಿಲ್ಲೋದು ಇದೆಯಲ್ಲ, ಅದೇ ಹೆಸರಿನ ಜೀವ. ಇಂಗ್ಲಿಷ್ ಕಾಮೆಂಟೇಟರ್‌ಗಳು ಅಲ್ಲಿ ಬ್ರೇಕೇ ಹಾಕಲ್ಲ.

ರ್‍ಯಾಲಿ ಅಂತೂ ಕೇಳಲೇಬೇಡಿ. ಕಂಕ್ಕುನೆನ್, ಮ್ಯಾಕಿನೆನ್, ಇತ್ತೀಚಿನ ರೊವನ್‌ಪೆರ್‍ಯಾ. 2022ರಲ್ಲಿ ಆ ಹುಡುಗ 22ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ. ಅವರ ರ್‍ಯಾಲಿ ನಡೆಯೋ ಊರಿನ ಹೆಸರು ಜೆ, ವೈ, ವಿ, ಆಮೇಲೆ ಚುಕ್ಕಿ ಇಟ್ಟ ಎ ಅಂತ ಶುರುವಾಗುತ್ತದೆ. ನಾನು ಹತ್ತು ವರ್ಷ "ಜೈವಸ್ಕೈಲ" ಅಂದುಕೊಂಡಿದ್ದೆ. ಅದು ಏನು ಹೇಳಿ ಸ್ವಲ್ಪ?

ತಂಪೆರೆ_ವಾಸಿ
ಹತ್ತಿರ ಹತ್ತಿರ "ಯುವ್ಯಾಸ್ಕುಲ್ಯಾ". ಆದರೆ ಆ ಎರಡು "ಉ" ನಮ್ಮ ಉ ಅಲ್ಲ. ಬಾಯಿ ಹೊರಗೆ ಉ ಅನ್ನೋ ಹಾಗೆ ತುಟಿ ದುಂಡಗೆ ಮಾಡಿ, ಒಳಗೆ ನಾಲಿಗೆಯಲ್ಲಿ ಇ ಅನ್ನಿ. ಮೊದಲ ವಾರ ಕನ್ನಡಿ ಮುಂದೆ ಮಾಡಿ, ಮನೆಯವರು ಇಲ್ಲದಾಗ.

ಸುಮ್ನೆ_ಬಂದೆ
ಹೆಸರು ಹೇಗೆ ಕರೆದರೇನು, ಸಂಬಳ ಸರಿಯಾಗಿ ಬಂದರೆ ಸಾಕು ಅಲ್ವಾ?

ಕಾಗುಣಿತ_ಮೇಡಂ
@ಸುಮ್ನೆ_ಬಂದೆ, ನಿಮ್ಮನ್ನು ಯಾರಾದರೂ ನಾಲ್ಕು ವರ್ಷ "ಸೂಮನೀ" ಅಂತ ಕರೆಯಲಿ, ಆಮೇಲೆ ಬನ್ನಿ ಮಾತಾಡೋಣ.

ತಂಪೆರೆಯವರು ಹೇಳಿದ್ದು ಸರಿ, ಆದರೆ ಉದ್ದ, ಒತ್ತು ಮಾತ್ರ ಕಾರಣ ಅಲ್ಲ. ನಾನು ಭಾಷೆ ಪಾಠ ಮಾಡೋಳು, ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಇಂಗ್ಲಿಷಿನಲ್ಲಿ ಒಂದು ಪದಕ್ಕೆ ಒಂದು ಕಡೆ ಜೋರು ಬೀಳುತ್ತದೆ, ಉಳಿದ ಸ್ವರಗಳೆಲ್ಲಾ ಸೊರಗುತ್ತವೆ. "ಬನಾನಾ" ಪದವನ್ನೇ ನೋಡಿ. ಬರೆಯೋದು ಮೂರು ಎ, ಆದರೆ ಮಧ್ಯದ್ದು ಒಂದೇ ನೆಟ್ಟಗೆ ಕೇಳಿಸುತ್ತದೆ, ಅಕ್ಕಪಕ್ಕದವು ಬಾಯಿ ಅರ್ಧ ತೆರೆದು ಬಿಟ್ಟ ಉಸಿರು. ಫಿನ್ನಿಶ್‌ನಲ್ಲಿ ಜೋರು ಯಾವಾಗಲೂ ಮೊದಲ ಅಕ್ಷರದ ಮೇಲೆ. ಯಾವಾಗಲೂ. ಆದರೆ ಉಳಿದ ಸ್ವರಗಳು ಸೊರಗಲ್ಲ, ಕೊನೆಯ ಅಕ್ಷರದ ಸ್ವರವೂ ಪೂರ್ತಿ ಸ್ವರವೇ. ಇಂಗ್ಲಿಷ್ ಮಾತಾಡೋರಿಗೆ ವಿದೇಶಿ ಹೆಸರು ಕಂಡ ಕೂಡಲೇ, ಇಟಲಿಯದ್ದೋ ಸ್ಪೇನಿನದ್ದೋ ಇರಬೇಕು ಅನ್ನೋ ಹಾಗೆ, ಕೊನೆಯಿಂದ ಎರಡನೇ ಅಕ್ಷರಕ್ಕೆ ಗುದ್ದೋ ಚಾಳಿ. ಹಾಗಾಗಿ ಹೆಲ್ಸಿಂಕಿಯಲ್ಲಿ "ಸಿಂ" ಎದ್ದು ನಿಲ್ಲುತ್ತದೆ, ಮಿಕ್ಕೊಲ "ಮಿಕೋಲ" ಆಗುತ್ತದೆ. ಐಸ್ ಹಾಕಿಯ ತೇಮು ಸೆಲ್ಯಾನ್ನೆ ಅಮೆರಿಕಕ್ಕೆ ಹೋಗಿ "ಸಲಾನಿ" ಆದದ್ದು ಹೀಗೇ. ಒಂದೇ ಹೆಸರಲ್ಲಿ ಎಷ್ಟು ತಪ್ಪು ನೋಡಿ: ಗುದ್ದು ಜಾಗ ಬದಲಾಯಿಸಿತು, ಮೊದಲ ಸ್ವರ ಸೊರಗಿತು, ಆ್ಯ ಹೋಗಿ ಆ ಬಂತು, ಒತ್ತಕ್ಷರ ಹಾರಿತು, ಕೊನೆಯ ಎ ಹೋಗಿ ಇ ಆಯ್ತು.

ಇನ್ನೊಂದು, ಉಸಿರು. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಪ, ತ, ಕ ಬಂದರೆ ಜೊತೆಗೆ ಗಾಳಿ ನುಗ್ಗುತ್ತದೆ. ಅದಕ್ಕೇ ಪೆಕ್ಕ ಅವರ ಬಾಯಲ್ಲಿ ಸ್ವಲ್ಪ "ಫ" ಬೆರೆತ ಹಾಗೆ ಬರೋದು. ಫಿನ್ನಿಶ್‌ನಲ್ಲಿ ಎಲ್ಲಾ ಅಲ್ಪಪ್ರಾಣ. ಅವರ ಟಿ ಅಕ್ಷರ ನಾಲಿಗೆ ಹಲ್ಲಿಗೆ ತಾಗಿಸಿ ಹೇಳೋ ತ, ನಮ್ಮ ತಕಾರದ ಹಾಗೇ. ನಾವು ಇಂಗ್ಲಿಷಿನ ಟಿ ಕಂಡರೆ ಟ ಅಂತ ಓದೋದು ಅಭ್ಯಾಸ, ಅಲ್ಲೇ ಎಡವೋದು. ಕನ್ನಡ ಪತ್ರಿಕೆಗಳಲ್ಲಿ "ಟ್ಯಾಂಪಿಯರ್" ಅಂತ ನೋಡಿದ್ದೀನಿ. ಅದು ತಂಪೆರೆ ಕಣ್ರೀ, ತಂಪೆರೆ!

ತಂಪೆರೆ_ವಾಸಿ
ಮೇಡಂ, ಈ ಊರಿಗೆ ಬರೋ ಮೊದಲು ನಾನೂ ಹಾಗೇ ಓದಿದ್ದೆ. ಬಸ್ಸಿನಲ್ಲಿ ಸ್ಟಾಪ್ ಹೇಳೋ ಧ್ವನಿ "ತಂಪೆರೆ" ಅಂದಾಗ ನಗು ತಡೀಲಿಲ್ಲ. ತಂಪು + ಎರೆ, ಲೋಪಸಂಧಿ! ಇದಕ್ಕಿಂತ ತಮಾಷೆ ಏನು ಗೊತ್ತಾ, ಈ ಊರು ತನ್ನನ್ನು ಪ್ರಪಂಚದ ಸೌನಾ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಸೌನಾದಲ್ಲಿ ಕಾದ ಕಲ್ಲಿನ ಮೇಲೆ ನೀರು ಎರೆಯುತ್ತಾರೆ, ಎರೆದರೆ ಮೈ ಸುಡೋ ಹಬೆ ಬರುತ್ತದೆ. ಊರಿನ ಹೆಸರು ತಂಪೆರೆ, ಎರೆಯೋದು ಬಿಸಿ.

ಅಂದ ಹಾಗೆ ಸೌನಾ ಅನ್ನೋ ಪದವನ್ನೂ ಇಂಗ್ಲಿಷರು "ಸಾನಾ" ಅಂತಾರೆ. ನಮ್ಮ ಸೌತೆಕಾಯಿಯ ಸೌ ಹಾಕಿದರೆ ಮುಗಿಯಿತು, ಸರಿಯಾಗುತ್ತದೆ. ಎಸ್ಪೋ ಅನ್ನೋ ಊರಿದೆ ಹೆಲ್ಸಿಂಕಿ ಪಕ್ಕದಲ್ಲಿ. ಕೊನೆಯಲ್ಲಿ ಎರಡು ಓ ಬರೀತಾರೆ. ಇಂಗ್ಲಿಷರು ಅದನ್ನು "ಎಸ್ಪೂ" ಅಂತ ಓದಿ ಚಿಕ್ಕ ಮಕ್ಕಳ ಹಾಗೆ ಕಿಸಕ್ಕನೆ ನಗುತ್ತಾರೆ.

ಜಯನಗರ_ಲಿಫ್ಟ್
ನಾನು ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ಇರೋನು. ನಮ್ಮ ಲಿಫ್ಟು ಫಿನ್ಲೆಂಡ್ ಕಂಪನಿದು. ಕೆ, ಓ, ಎನ್, ಇ. ನಾವೆಲ್ಲಾ "ಕೋನ್" ಅಂತೀವಿ, ಸರ್ವೀಸಿಗೆ ಬರೋ ಹುಡುಗನೂ "ಕೋನ್" ಅಂತಾನೆ. ಈ ಪೋಸ್ಟ್ ಓದಿದ ಮೇಲೆ ಡೌಟು ಬಂತು. ಅದೂ ತಪ್ಪಾ?

ತಂಪೆರೆ_ವಾಸಿ
ತಪ್ಪೇ ಸರ್. ಕನ್ನಡದಲ್ಲಿ "ಕೊನೆ" ಅಂತ ಓದಿ, ಅದೇ ಸರಿ. ಫಿನ್ನಿಶ್‌ನಲ್ಲಿ ಕೊನೆ ಅಂದರೆ ಯಂತ್ರ. 1910ರಲ್ಲಿ ಶುರುವಾದ ಕಂಪನಿ, ಹೆಸರೇ "ಯಂತ್ರ" ಅಂತ ಇಟ್ಟುಕೊಂಡಿದ್ದಾರೆ.

ಜಯನಗರ_ಲಿಫ್ಟ್
ಹತ್ತನೇ ಮಹಡಿಗೆ ಹೋಗೋ ಲಿಫ್ಟಿನ ಬಾಗಿಲ ಮೇಲೆ "ಕೊನೆ" ಅಂತ ಬರೆದಿದೆ ಅಂತ ನಮ್ಮ ಅಮ್ಮನಿಗೆ ಮಾತ್ರ ಹೇಳಲ್ಲ. ಮೊದಲೇ ಲಿಫ್ಟ್ ಹತ್ತಲ್ಲ ಅವರು.

ಉಡುಪಿ_ಬಂಗುಡೆ
ಎಲ್ಲ ಒಳ್ಳೆದು ಮಾರಾಯ್ರೆ, ಆದರೆ ಕನ್ನಡದವರು ಹುಟ್ಟಾ ಫಿನ್ನಿಶ್ ಪಂಡಿತರು ಅನ್ನೋ ಹಾಗೆ ಮಾತಾಡಬೇಡಿ. ನಾನು ಎಂಟು ವರ್ಷ ಹೆಲ್ಸಿಂಕಿಯಲ್ಲಿ ಇದ್ದೆ, ನಮ್ಮವರು ಮಾಡೋ ತಪ್ಪು ನನಗೆ ಗೊತ್ತುಂಟು.

ನಮಗೆ ಪದದ ಕೊನೆಯಲ್ಲಿ ವ್ಯಂಜನ ಬಿಟ್ಟರೆ ಸಮಾಧಾನ ಇಲ್ಲ. ಬಸ್ಸು, ಕಾರು, ಬ್ಯಾಂಕು. ಫಿನ್ಲೆಂಡಿನಲ್ಲಿ ಅಡ್ಡಹೆಸರು ಬಹಳಷ್ಟು "ನೆನ್" ಅಂತ ಮುಗೀತದೆ. ವಿರ್ತನೆನ್, ಕೊರ್ಹೊನೆನ್, ನಿಎಮಿನೆನ್. ನಮ್ಮ ರೂಮಿನ ಹುಡುಗ ಮನೆ ಓನರನ್ನು "ವಿರ್ತನೆನ್ನು ಬಂದಿದ್ರು" ಅಂತಿದ್ದ. ನಿನ್ನೆಯ ಕತೆ ಹೇಳ್ತಿದ್ದಾನೆ ಅಂತ ನಾನು ತಿಳ್ಕೊಂಡಿದ್ದೆ.

ಮತ್ತೆ ಎರಡು ಬೇರೆ ಬೇರೆ ಸ್ವರ ಒಟ್ಟಿಗೆ ಬಂದರೆ ನಮಗೆ ತಡೀಲಿಕ್ಕೆ ಆಗೋದಿಲ್ಲ, ನಡುವೆ ಒಂದು ಯ ಅಥವಾ ವ ತೂರಿಸಿಬಿಡ್ತೇವೆ. ಆಗಮ ಸಂಧಿ ನಮ್ಮ ರಕ್ತದಲ್ಲೇ ಉಂಟು. ನೋಕಿಯಾ ಅಂತೇವಲ್ಲ, ಅದರಲ್ಲಿ ಯ ಎಲ್ಲಿಂದ ಬಂತು? ನಾವೇ ಹಾಕಿದ್ದು. ಮೊದಲ ಓ ಉದ್ದ ಮಾಡಿದ್ದು ಇಂಗ್ಲಿಷಿನಿಂದ ಕದ್ದದ್ದು. ಅವರು ಹೇಳೋದು ಮೊದಲು ಗಿಡ್ಡ "ನೊ", ಆಮೇಲೆ ಕಿ, ಆಮೇಲೆ ಬರೀ ಅ. ಕುಒಪಿಒ ಅಂತ ಊರುಂಟು, ನಾವು ಹೇಳಿದರೆ "ಕುವೋಪಿಯೋ". ಎಸ ಅನ್ನೋ ಹೆಸರನ್ನು "ಯೆಸ" ಅಂತೇವೆ, ಎಲ್ಲಿ ಅನ್ನೋದನ್ನು ಯೆಲ್ಲಿ ಅಂದ ಹಾಗೆ.

ಇನ್ನು ಹಕಾರ. ಲಹ್ತಿ ಅಂತ ಊರುಂಟು. ಅಹ್ತಿಸಾರಿ ಅಂತ ಅಧ್ಯಕ್ಷರಿದ್ದರು, 2008ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು ಅವರಿಗೆ. ಅಲ್ಲಿ ಮೊದಲು ಹ, ಆಮೇಲೆ ತ, ಎರಡೂ ಕೇಳಬೇಕು. ಇಂಗ್ಲಿಷರು ಹ ನುಂಗಿ ಲಾ-ಟಿ ಅಂತಾರೆ. ನಾವು ಅವರಿಗಿಂತ ಚೂರು ಮೇಲಾ? ಬ್ರಹ್ಮನನ್ನು ಬ್ರಮ್ಹ ಮಾಡಿದವರು, ಚಿಹ್ನೆಯನ್ನು ಚಿನ್ಹೆ ಮಾಡಿದವರು ನಾವು. ಲಹ್ತಿ ನಮ್ಮ ಬಾಯಲ್ಲಿ ಲಾಠಿ ಆಗ್ತದೆ!

ಕಾಗುಣಿತ_ಮೇಡಂ
ಹ್ಹಹ್ಹ, ಒಪ್ಪಿದೆ. ಬಂಗುಡೆಯವರು ನನ್ನ ಅರ್ಧ ಪಾಠ ಮಾಡಿಬಿಟ್ಟರು. ಆದರೆ ಒಂದು ವ್ಯತ್ಯಾಸ ಇದೆ ಅನ್ಸುತ್ತೆ. ನಮ್ಮ ತಪ್ಪು ಕೇಳಿದ ಫಿನ್ನಿಶ್ ವ್ಯಕ್ತಿಗೆ ಅದು ಯಾವ ಹೆಸರು ಅಂತ ಗೊತ್ತಾಗುತ್ತದೆ. ಉದ್ದ, ಒತ್ತು ಬಿಟ್ಟರೆ ಅದು ಬೇರೆ ಪದವೇ ಆಗಿಬಿಡುತ್ತದೆ. ಚುಕ್ಕಿ ಬಿಟ್ಟರೂ ಹಾಗೇ. ಇಂಗ್ಲಿಷ್ ಪತ್ರಿಕೆಗಳು ಎ ಮೇಲಿನ ಎರಡು ಚುಕ್ಕಿಯನ್ನು ಅಲಂಕಾರ ಅಂದುಕೊಂಡು ಕಿತ್ತು ಬಿಸಾಡುತ್ತವೆ. ಫಿನ್ನಿಶ್‌ನಲ್ಲಿ ಅದು ಬೇರೆಯೇ ಅಕ್ಷರ, ಅಕ್ಷರಮಾಲೆಯಲ್ಲಿ ಝಡ್ ಆದಮೇಲೆ ಬರುತ್ತದೆ. ಸಾರಿ ಅಂದರೆ ದ್ವೀಪ. ಅದಕ್ಕೇ ಚುಕ್ಕಿ ಇಟ್ಟು ಸ್ಯಾರಿ ಅಂದರೆ ಮೊಣಕಾಲಿನ ಕೆಳಗಿನ ಕಾಲು!

ಒಉಲು_ಚಳಿ
ಉಲ್ಟಾ ಕತೆ ಯಾರೂ ಹೇಳಲಿಲ್ಲವಲ್ಲ. ಇವರು ನಮ್ಮ ಹೆಸರು ಹೇಗೆ ಹೇಳ್ತಾರೆ ಗೊತ್ತಾ? ನನ್ನ ಹೆಸರು ಇಂಗ್ಲಿಷಿನಲ್ಲಿ ಜೆ ಇಂದ ಶುರು, ಮಧ್ಯ ಒಂದು ವೈ, ಕೊನೆಗೆ ನಮ್ಮ ದಕ್ಷಿಣದ ರೂಢಿಯ ಹಾಗೆ ಟಿ-ಎಚ್. ಮೊದಲ ವರ್ಷ ಒಂದು ಆಸ್ಪತ್ರೆಯಲ್ಲಿ ಕಾಯ್ತಾ ಕೂತಿದ್ದೆ. ನರ್ಸ್ ಬಂದು ಏನೋ ಕೂಗಿದರು. ಮೂರು ಸಲ ಕೂಗಿದರು. ಯಾರು ಆ ಪುಣ್ಯಾತ್ಮ, ಎದ್ದು ಹೋಗಬಾರದಾ ಅಂತ ನಾನೂ ಅತ್ತಿತ್ತ ನೋಡಿದೆ. ಕೊನೆಗೆ ನೋಡಿದರೆ ರೂಮಿನಲ್ಲಿ ಇದ್ದೋನು ನಾನೊಬ್ಬನೇ.

ಅವರ ತಪ್ಪಲ್ಲ. ಅವರ ಲೆಕ್ಕದಲ್ಲಿ ಜೆ ಅಂದರೆ ಯ, ವೈ ಅಂದರೆ ಆ ತುಟಿ ದುಂಡಗಿನ ಸ್ವರ, ಟಿ-ಎಚ್ ಅಂದರೆ ತ ಆದಮೇಲೆ ಒಂದು ಹ. ಬರೆದದ್ದನ್ನು ಬರೆದ ಹಾಗೇ ಪ್ರಾಮಾಣಿಕವಾಗಿ ಓದಿದರು. ಅವರ ಹಳೇ ಮಾತಲ್ಲಿ ಬ, ಗ ಇರಲಿಲ್ಲ, ಶ ಕೂಡ ಹೊರಗಿಂದ ಬಂದದ್ದು. ನಮ್ಮ ಪಕ್ಕದ ಮನೆ ಅಜ್ಜ ಇವತ್ತಿಗೂ ಬೆಂಗಳೂರನ್ನು "ಪಂಕಲೋರ್" ಅಂತಾರೆ. ಜಗದೀಶ ಅನ್ನೋ ಗೆಳೆಯ "ಯಕದೀಸ್". ನನಗಂತೂ ಆ ಅಜ್ಜ ಹೇಳೋ ಪಂಕಲೋರ್ ಕೇಳೋಕೆ ಇಷ್ಟ.

ದ್ರಾವಿಡ_ದಿಕ್ಕು
ಇದೆಲ್ಲಾ ಕಾಕತಾಳೀಯ ಅಲ್ಲ ಸ್ನೇಹಿತರೇ. ಫಿನ್ನಿಶ್ ಮತ್ತು ದ್ರಾವಿಡ ಭಾಷೆಗಳು ಒಂದೇ ತಾಯಿಯ ಮಕ್ಕಳು. ಕಾಲ್ಡ್‌ವೆಲ್ ಅನ್ನೋ ಪಾದ್ರಿ ದ್ರಾವಿಡ ಭಾಷೆಗಳ ವ್ಯಾಕರಣದಲ್ಲಿ 1856ರಲ್ಲೇ ಬರೆದಿದ್ದಾರೆ. ಎರಡರಲ್ಲೂ ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತಾರೆ. ಮನೆ, ಮನೆಯಲ್ಲಿ. ಅವರದ್ದು ತಲೊ, ತಲೊಸ್ಸ. ಹೆಲ್ಸಿಂಕಿಗೆ ಪ್ರತ್ಯಯ ಹಾಕಿದರೆ ಹೆಲ್ಸಿಂಗಿಸ್ಸ್ಯಾ! ಕ ಹೋಗಿ ಗ ಬಂತು, ನಮ್ಮ ಆದೇಶ ಸಂಧಿಯ ಹಾಗೆ! ಅಲ್ಲಿ "ಅಕ್ಕ" ಅನ್ನೋ ಪದವೂ ಇದೆ!

ಕಾಗುಣಿತ_ಮೇಡಂ
ಇದೆ. ಅರ್ಥ ಮುದುಕಿ, ಅದೂ ಸ್ವಲ್ಪ ಬೈಗುಳದ ಧಾಟಿಯಲ್ಲಿ. ನಿಮ್ಮ ಅಕ್ಕನಿಗೆ ಹೇಳಿ ನೋಡಿ.

ಕಾಲ್ಡ್‌ವೆಲ್ ಹೋಲಿಕೆ ಮಾಡಿದ್ದು ನಿಜ, ಆದರೆ ಇವತ್ತು ಹೆಚ್ಚಿನ ಭಾಷಾ ತಜ್ಞರು ಅದನ್ನು ಒಪ್ಪಲ್ಲ. ಪ್ರತ್ಯಯ ಅಂಟಿಸೋ ಭಾಷೆಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ, ಟರ್ಕಿಯದ್ದು, ಜಪಾನಿನದ್ದು. ಎಲ್ಲರನ್ನೂ ಚಿಕ್ಕಪ್ಪನ ಮಕ್ಕಳು ಅನ್ನೋಕಾಗುತ್ತಾ? ನಿಮಗೆ ನಿಜವಾದ ನಂಟು ಬೇಕಿದ್ದರೆ ಅಸ್ಕೊ ಪರ್ಪೊಲ ಅವರನ್ನು ಓದಿ. ಹೆಲ್ಸಿಂಕಿಯ ವಿದ್ವಾಂಸರು, ಸಿಂಧೂ ಲಿಪಿಯ ಹಿಂದೆ ಇರೋದು ದ್ರಾವಿಡ ಭಾಷೆ ಅಂತ ವಾದಿಸಿ ದಶಕಗಳ ಕಾಲ ಕೆಲಸ ಮಾಡಿದವರು. ಅವರ ಹೆಸರನ್ನೂ ನಮ್ಮ ಸೆಮಿನಾರುಗಳಲ್ಲಿ ಇಂಗ್ಲಿಷಿನ ಹಾಗೆ "ಪಾರ್ಪೋಲಾ" ಅಂತಲೇ ಎಳೆಯುತ್ತಾರೆ. ಎಲ್ಲಾ ಗಿಡ್ಡ: ಪರ್ಪೊಲ.

ಜಾವೆಲಿನ್_ಜಾನಕಿ
2022ರ ಜೂನಿನಲ್ಲಿ ನೀರಜ್ ಚೋಪ್ರಾ ಫಿನ್ಲೆಂಡಿನ ತುರ್ಕು ಊರಿನಲ್ಲಿ 89.30 ಮೀಟರ್ ಎಸೆದಾಗ ನಾನು ಆಫೀಸಿನಲ್ಲಿ ಕದ್ದು ನೋಡ್ತಿದ್ದೆ. ಆ ಕೂಟದ ಹೆಸರು ಪಾವೊ ನುರ್ಮಿ, ಒಲಿಂಪಿಕ್ಸಿನಲ್ಲಿ ಒಂಬತ್ತು ಚಿನ್ನ ಗೆದ್ದ ಓಟಗಾರ. ನಾಲ್ಕು ದಿನ ಬಿಟ್ಟು ಇನ್ನೊಂದು ಊರಲ್ಲಿ ನೀರಜ್ ಗೆದ್ದರು, ಆ ಊರಿನ ಹೆಸರನ್ನು ಟೀವಿಯವರು ಒಬ್ಬೊಬ್ಬರು ಒಂದೊಂದು ಥರ ಹೇಳಿದರು. "ಕ್ವಾರ್ಟೇನ್" ಅಂದೋರೂ ಇದ್ದಾರೆ. ಅದು ಏನು?

ತಂಪೆರೆ_ವಾಸಿ
ಕುಒರ್ತನೆ. ವರ್ತನೆಗೆ ಪ್ರಾಸ ಹಾಕಿಕೊಳ್ಳಿ, ಮರೆಯಲ್ಲ. "ಕು" ಮತ್ತು "ಒ" ನಡುವೆ ವ ಹಾಕಬೇಡಿ, ಬಂಗುಡೆಯವರು ಬೈತಾರೆ.

ಗಂಟುಮೂಟೆ_ಕಟ್ಟಿದೆ
ಅಣ್ಣಂದಿರೇ, ಅಕ್ಕಂದಿರೇ (ಮುದುಕಿ ಅರ್ಥದಲ್ಲಿ ಅಲ್ಲ), ಮುಂದಿನ ತಿಂಗಳು ಓದೋಕೆ ಫಿನ್ಲೆಂಡಿಗೆ ಹೊರಟಿದ್ದೀನಿ. ಗೈಡ್ ಅಡ್ಡಹೆಸರು ಎಚ್ ಇಂದ ಶುರುವಾಗಿ, ಮೂರು ಸಲ ಚುಕ್ಕಿ ಎ ಬಂದು, "ಇನೆನ್" ಅಂತ ಮುಗಿಯುತ್ತದೆ. ನಡುವೆ ಒಂದು ಎಂ, ಒಂದು ಎಲ್. ನೋಡಿದರೇ ಜ್ವರ ಬರುತ್ತದೆ. ಹೇಗೆ ಕರೀಲಿ?

ಉಡುಪಿ_ಬಂಗುಡೆ
ಹ್ಯಾಮ್ಯಾಲ್ಯಾಇನೆನ್. ಹ್ಯಾಮೆ ಸೀಮೆಯವರು ಅಂತ ಅರ್ಥ, ನಮ್ಮಲ್ಲಿ ಕಾರ್ಕಳದವರು, ಕುಂದಾಪುರದವರು ಅಂದ ಹಾಗೆ. ಹೆದರಬೇಡ. ಇವರಲ್ಲಿ ಬಹಳಷ್ಟು ಅಡ್ಡಹೆಸರು ನೆಲ ನೀರಿನ ಹೆಸರೇ. ಮ್ಯಾಕಿ ಅಂದರೆ ಗುಡ್ಡ, ಮ್ಯಾಕಿನೆನ್. ಯ್ಯಾರ್ವಿ ಅಂದರೆ ಕೆರೆ, ಯ್ಯಾರ್ವಿನೆನ್. ಕೊಸ್ಕಿ ಅಂದರೆ ಹೊಳೆ ಧುಮುಕುವ ಜಾಗ, ಕೊಸ್ಕಿನೆನ್. ನಾಲ್ಕು ಪದ ಕಲಿತರೆ ಅರ್ಧ ಊರಿನವರ ಹೆಸರು ಬಂತು.

ಮತ್ತೆ, ಅಲ್ಲಿ ಗೈಡನ್ನೂ ಮೊದಲ ಹೆಸರು ಹಿಡಿದೇ ಕರೆಯೋದು. ಸರ್, ಮೇಡಂ ಅಂದರೆ ಅವರಿಗೇ ಮುಜುಗರ ಆಗ್ತದೆ. ನಮಗೆ ಅದು ಉಚ್ಚಾರಕ್ಕಿಂತ ಕಷ್ಟ. ನನಗೆ ಆರು ತಿಂಗಳು ಬೇಕಾಯ್ತು.

ತಂಪೆರೆ_ವಾಸಿ
ನನ್ನ ಉಪಾಯ ಒಂದಿದೆ: ಆ ಹೆಸರನ್ನು ಇಂಗ್ಲಿಷಿನಲ್ಲಿ ನೋಡ್ಕೊಂಡು ಓದಲೇಬೇಡ. ಮೊದಲು ಕನ್ನಡದಲ್ಲಿ ಬರೆದುಕೋ. ಜೆ ಇದ್ದಲ್ಲಿ ಯ, ಟಿ ಇದ್ದಲ್ಲಿ ತ, ಜೋಡಿ ಸ್ವರಕ್ಕೆ ದೀರ್ಘ, ಜೋಡಿ ವ್ಯಂಜನಕ್ಕೆ ಒತ್ತು. ಆಮೇಲೆ ಆ ಕನ್ನಡ ಓದು. ನನ್ನ ಮೇಜಿನ ಮೇಲೆ ಇವತ್ತಿಗೂ ಒಂದು ಹಳದಿ ಚೀಟಿ ಅಂಟಿಸಿದ್ದೀನಿ, ಟೀಮಿನ ಎಲ್ಲರ ಹೆಸರೂ ಕನ್ನಡದಲ್ಲಿ. ಔತಿ ಅದನ್ನು ನೋಡಿ ತನ್ನ ಹೆಸರು ಯಾವುದು ಅಂತ ಕೇಳಿ ಫೋಟೋ ತಗೊಂಡು ಹೋದರು. ಹಿಂದಿ ಗೆಳೆಯನೊಬ್ಬ ಹೀಗೇ ಮಾಡೋಕೆ ಹೋಗಿ ಕೈಬಿಟ್ಟ. ಅವರ ಲಿಪಿಯಲ್ಲಿ ಎ ಬೇರೆ ಏ ಬೇರೆ, ಒ ಬೇರೆ ಓ ಬೇರೆ ಇಲ್ಲವಲ್ಲ.

ರ್‍ಯಾಲಿ_ಹುಚ್ಚ
ಎಲ್ಲಾ ಸರಿ, ನಿಮ್ಮ ಇಂಗ್ಲಿಷ್ ಮ್ಯಾನೇಜರ್ ಕತೆ ಏನಾಯ್ತು? ಅವರಿಗೆ ಯಾರೂ ಹೇಳಿಕೊಡಲ್ವಾ?

ತಂಪೆರೆ_ವಾಸಿ
ಹೇಳಿಕೊಟ್ಟೆ ಗುರು, ಮೊನ್ನೆ ಶುಕ್ರವಾರ. ಇಂಗ್ಲಿಷಿನಲ್ಲಿ ಒಂದು ಪದದೊಳಗೆ ಒತ್ತಕ್ಷರ ಇಲ್ಲ, ಆದರೆ ಎರಡು ಪದ ಸೇರೋ ಕಡೆ ತಾನಾಗೇ ಬರುತ್ತದೆ. "ಬ್ಲ್ಯಾಕ್ ಕ್ಯಾಟ್" ಅನ್ನಿ ಅಂದೆ. ಅಂದರು. ಎರಡು ಕ ಸೇರೋ ಜಾಗದಲ್ಲಿ ನಾಲಿಗೆ ಒಂದು ಕ್ಷಣ ನಿಂತಿತಲ್ಲ, ಅದನ್ನೇ ಪೆಕ್ಕ ಅನ್ನುವಾಗ ಮಾಡಿ ಅಂದೆ. ಐದಾರು ಸಲ ಮಾಡಿದರು. ಬಂತು! ಮನುಷ್ಯನಿಗೆ ಎಷ್ಟು ಖುಷಿ ಆಯ್ತು ಅಂದರೆ ಹೆಂಡತಿಯನ್ನು ಕರೆದು ಹೇಳಿ ತೋರಿಸಿದರು.

ಇವತ್ತು ಸೋಮವಾರ. ಕಾಲ್ ಶುರುವಾಯ್ತು. "ಪೆಕ್ಕ" ಅಂದರು, ಚೊಕ್ಕವಾಗಿ. ಪೆಕ್ಕ ನಾಲ್ಕು ವರ್ಷದಲ್ಲಿ ಮೊದಲ ಸಲ ಕ್ಯಾಮೆರಾ ಕಡೆ ತಲೆ ಎತ್ತಿ ನೋಡಿದರು. ಮ್ಯಾನೇಜರಿಗೆ ಧೈರ್ಯ ಬಂದುಬಿಟ್ಟಿತು. ಆಮೇಲೆ ಸಿಕ್ಕ ಸಿಕ್ಕವರಿಗೆಲ್ಲಾ ಒತ್ತು ಕೊಟ್ಟರು. ಎಸ "ಎಸ್ಸ" ಆದರು. ತಿಮೊ ಅಂತ ಒಬ್ಬರಿದ್ದಾರೆ, ತುಂಬಾ ಗಂಭೀರ ಮನುಷ್ಯ, ಅವರನ್ನು "ತಿಮ್ಮೋ" ಅಂತ ಕರೆದರು, ನಮ್ಮೂರ ಅರಳಿಕಟ್ಟೆ ಮೇಲೆ ಕೂತು ಕೂಗಿದ ಹಾಗೆ. ತಿಮೊ ಎಂದಿನಂತೆ ಎರಡು ಮಾತಲ್ಲಿ ಉತ್ತರ ಕೊಟ್ಟರು. ಈ ಸಲ ಮೈಕ್, ಕ್ಯಾಮೆರಾ ಎರಡೂ ಆಫ್ ಮಾಡಿಕೊಂಡದ್ದು ನಾನು.